ಪೆನ್ನಿನ ಕಿಟ್ ತರಸೋಕ ಮೊದಲು ರೀಫಿಲ್ ಎಲ್ಲಿ ಸಿಗತೈತಿ ನೋಡ್ರಿ



ಕಡ್ಲಿ ಒಕ್ಕಿ ಚೀಲ ಕಟ್ಟಿ ಆತು, ಬಿಳಿಜೋಳದ ಕಣಕಿ ಬಣಿವಿ ಒಟ್ಟಿದ್ದೂ ಆತು. ಇನ್ನ ಮುಂಗಾರಿ ಮಳಿ ಆಗೋತನಕ ಎರಿ ಹೊಲದಾಗ ಹೇಳಿಕೊಳ್ಳುವಂಥ ಕೆಲಸ ಇಲ್ಲ. ಈ ಎರಡು-ಮೂರು ತಿಂಗಳು ನಾನು ಹಿತ್ತಲ ತಗಡಿನ ಶೆಡ್ಡಿನ್ಯಾಗ ಸಣ್ಣ ಲೇಥ್ ಇಟ್ಕೊಂಡು ಕಟಿಗಿ ಪೆನ್ನು ಮಾಡತೇನಿ ಅನ್ನೋದು ನಿಮಗ ಗೊತ್ತಿದ್ದದ್ದ ಐತಿ. ಈ ವರ್ಷ ಕೇಳೋರು ಜಾಸ್ತಿ ಆಗ್ಯಾರ. ಶಿರಹಟ್ಟಿ ಕಡೆಯ ಇಬ್ಬರು ಹುಡುಗ್ರು, ಲಕ್ಷ್ಮೇಶ್ವರದ ಹತ್ತಿರದವರು ಒಬ್ಬರು, "ಕಾಕಾ, ನಾವೂ ಶುರು ಮಾಡಬೇಕಂತ ಅದೀವಿ, ಯಾವ ಕಿಟ್ ತರಸೋಣ?" ಅಂತ ಫೋನ್ ಮಾಡಿದ್ರು. ಒಬ್ಬೊಬ್ಬರಿಗೆ ಅರ್ಧರ್ಧ ತಾಸು ಹೇಳೋದಕಿಂತ ಇಲ್ಲೇ ಬರೆದುಬಿಡೋಣ ಅಂತ ಕುಂತೇನಿ. ಹೊಲದ ವಿಷಯ ಅಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ, ಹೊಲದ ಬದುವಿನ ಕಟಿಗಿ ವಿಷಯ ಐತಿ.

ಗೊತ್ತಿಲ್ಲದವರಿಗೆ ಮೊದಲು ಕಿಟ್ ಅಂದ್ರೇನು ಹೇಳತೇನಿ. ಪೆನ್ನಿನ ಕಟಿಗಿ ನಮ್ಮದು. ಒಳಗಿನ ಹಿತ್ತಾಳಿ ನಳಿಗಿ, ರೀಫಿಲ್ ಹೊರಗ-ಒಳಗ ಮಾಡೋ ಯಂತ್ರ, ಕಿಸೆಗೆ ಸಿಗಿಸೋ ಕ್ಲಿಪ್ಪು, ಮೂತಿ, ನಡುವಿನ ಪಟ್ಟಿ, ಒಂದು ರೀಫಿಲ್ಲು, ಇವೆಲ್ಲ ಸಣ್ಣ ಪ್ಲಾಸ್ಟಿಕ್ ಚೀಲದಾಗ ಕೂಡಿ ಬರತಾವ. ಅದಕ್ಕ ಕಿಟ್ ಅಂತಾರ. ನಾವು ಕಟಿಗಿ ತುಂಡಿಗೆ ತೂತು ಹೊಡೆದು, ನಳಿಗಿಯನ್ನ ಅಂಟು ಹಚ್ಚಿ ಕೂಡಿಸಿ, ತುದಿ ಸಮ ಮಾಡಿ, ಲೇಥಿಗೆ ಏರಿಸಿ ಉಳಿಯಿಂದ ದುಂಡಗ ಮಾಡತೀವಿ. ಉಜ್ಜಿ ಹೊಳಪು ಕೊಟ್ಟು, ಕಡೀಕ ಲೋಹದ ಭಾಗಗಳನ್ನ ಒತ್ತಿ ಕೂಡಿಸತೀವಿ. ಎಷ್ಟು ದಪ್ಪಕ್ಕ ಇಳಿಸಬೇಕು ಅಂತ ಗೊತ್ತಾಗಲಿಕ್ಕ ಎರಡೂ ಕಡೆ ಬುಶ್ ಅಂತ ಉಕ್ಕಿನ ಉಂಗುರ ಹಾಕತೀವಿ. ಒಂದೊಂದು ಜಾತಿ ಕಿಟ್ಟಿಗೆ ಒಂದೊಂದು ಅಳತಿ ಬುಶ್ ಬೇಕು. ಅಂದ್ರ ಐದು ಜಾತಿ ಕಿಟ್ ತರಸಿದ್ರ ಐದು ಜೋಡಿ ಬುಶ್ಶು, ಮೂರೋ ನಾಕೋ ಡ್ರಿಲ್ ಬಿಟ್ಟು. ಇದನ್ನ ಕಿಟ್ ಮಾರೋರು ಮೊದಲ ಹೇಳಂಗಿಲ್ಲ. ಒಬ್ಬ ಮಾರಾಟಗಾರ ನನಗ ಹತ್ತು ಕಿಟ್ ಕಳಿಸಿ ಬುಶ್ ಬಿಟ್ಟಿದ್ದ. ಕೇಳಿದ್ರ "ಅದು ಬ್ಯಾರೆ ಐಟಂ ಅದ ಸರ್" ಅಂದ.

ನನ್ನ ಅಭಿಪ್ರಾಯ ಮೊದಲ ಹೇಳಿಬಿಡತೇನಿ, ಆಮ್ಯಾಲ ಕಾರಣ. ಕಿಟ್ ಆರಿಸುವಾಗ ರೇಟು ನೋಡಬ್ಯಾಡ್ರಿ, ಹೊಳಪೂ ನೋಡಬ್ಯಾಡ್ರಿ. ಆ ಪೆನ್ನಿನ ರೀಫಿಲ್ ಖಾಲಿ ಆದಾಗ ಮುಂಡರಗಿ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡ್ಯಾಗ ಇನ್ನೊಂದು ಸಿಗತೈತೇನು? ಸಿಗತಿದ್ರ ಮಾತ್ರ ಆ ಕಿಟ್ ತಗೋರಿ. ನಾವು ಸ್ಪ್ರೇ ಪಂಪು ತರಬೇಕಾದ್ರ ಹಂಗ ನೋಡತೀವಲ್ಲ? ಬಣ್ಣ ಯಾವುದು ಅಂತ ಕೇಳಂಗಿಲ್ಲ, ವಾಶರ್ರು-ನಾಝಲ್ಲು ಗದಗದಾಗ ಸಿಗತಾವೋ ಹುಬ್ಬಳ್ಳಿಗೆ ಓಡಬೇಕೋ ಅಂತ ಕೇಳತೀವಿ. ಪೆನ್ನಿಗೂ ಅದ ಲೆಕ್ಕ.

ಈಗ ಒಂದೊಂದಾಗಿ ನೋಡೋಣ.

ಹೊಸಬರಿಗೆ ಎಲ್ಲಾರೂ ಹೇಳೋದು ಸ್ಲಿಮ್‌ಲೈನ್. ತೆಳ್ಳಗಿನ ಪೆನ್ನು, ನಡುವ ಹಿಡಿದು ತಿರುವಿದ್ರ ಮೊನೆ ಹೊರಗ ಬರತೈತಿ. ಎರಡು ನಳಿಗಿ, ಎರಡಕ್ಕೂ 7 ಮಿಲಿಮೀಟರ್ ಡ್ರಿಲ್ ಬಿಟ್ಟು. ಆ ಬಿಟ್ಟು ಯಾವ ಹಾರ್ಡ್‌ವೇರ್ ಅಂಗಡ್ಯಾಗ ಬೇಕಾದ್ರೂ ಸಿಗತೈತಿ, ಕಿಟ್ಟೂ ಎಲ್ಲಕಿಂತ ಸೋವಿ. ಇಲ್ಲಿತನಕ ಎಲ್ಲ ಚಲೋನ ಐತಿ. ತೊಂದ್ರಿ ರೀಫಿಲ್ಲಿನ್ಯಾಗ. ಇದಕ್ಕ ಕ್ರಾಸ್ ನಮೂನೆಯ ರೀಫಿಲ್ ಬೇಕು. ಸಣ್ಣ ಕಡ್ಡಿಯಂಗ ಇರತೈತಿ, ಹಿಂದಿನ ತುದಿಗೆ ಮರಿ ಇರತೈತಿ, ಅದು ಯಂತ್ರದೊಳಗ ತಿರುಚಿಕೊಂಡು ಕೂಡತೈತಿ. ನಮ್ಮ ಹುಡುಗ್ರು ಶಾಲೆಗೆ ಒಯ್ಯೋ ಹತ್ತು ರೂಪಾಯಿ ಪೆನ್ನಿನ ರೀಫಿಲ್ ಅದರಾಗ ಕೂಡಂಗಿಲ್ಲ. ಪಾರ್ಕರ್ ನಮೂನೆಯ ದಪ್ಪ ರೀಫಿಲ್ಲೂ ಕೂಡಂಗಿಲ್ಲ. ನಾನು ಗದಗದಾಗ ನಾಕು ಸ್ಟೇಷನರಿ ಅಂಗಡಿ ತಿರುಗಿ ಕೇಳೇನಿ. ಮೂರರಾಗ ಇಲ್ಲ ಅಂದ್ರು, ನಾಕನೇದವರು "ತರಸಿ ಕೊಡತೀವ್ರಿ" ಅಂದ್ರು. ಲಕ್ಷ್ಮೇಶ್ವರ, ಶಿರಹಟ್ಟಿ ಅಂಗಡ್ಯಾಗ ಕೇಳೋದ ಬ್ಯಾಡ.

ಮುಂಡರಗಿ ಕಡೆಯ ನಿವೃತ್ತ ಮಾಸ್ತರು ಒಬ್ಬರು ಮೊನ್ನೆ ಒಂದು ಪೆನ್ನು ತಂದು ತೋರಿಸಿದ್ರು. ಬೀಳ್ಕೊಡುಗೆ ದಿನ ಶಾಲು-ಹಣ್ಣಿನ ಜೊತಿ ಕೊಟ್ಟಿದ್ದು, ಬ್ಯಾರೆ ಎಲ್ಲೋ ಮಾಡಿಸಿದ್ದು, ಸ್ಲಿಮ್‌ಲೈನ್. ಕಟಿಗಿ ಭಾಳ ಚಲೋ, ಕೆಲಸಾನೂ ಚಲೋ. ಆದ್ರ ಶಾಯಿ ಮುಗಿದು ವರ್ಷ ಆಗೇತಿ, ಬೀರುವಿನ್ಯಾಗ ಇಟ್ಟಾರ. "ಮಕ್ಕಳು ಕೊಟ್ಟಿದ್ದು, ಒಗೆಯಾಕ ಮನಸ್ಸು ಬರಂಗಿಲ್ಲ, ಬರೆಯಾಕ ಬರಂಗಿಲ್ಲ" ಅಂದ್ರು. ನನ್ನ ಕಡೆ ಇದ್ದ ಒಂದು ರೀಫಿಲ್ ಹಾಕಿ ಕೊಟ್ಟೆ. ಅದು ಮುಗಿದ ಮ್ಯಾಲ? ಆನ್‌ಲೈನ್ ಸಿಗತಾವ, ಹೌದು. ಆದ್ರ ಎಪ್ಪತ್ತರ ಹತ್ತಿರದ ಮನುಷ್ಯ ಒಂದು ರೀಫಿಲ್ಲಿಗೆ ಮೊಬೈಲ್‌ದಾಗ ಆರ್ಡರ್ ಹಾಕಿ ಕೊರಿಯರ್ ಹುಡುಗನ ದಾರಿ ಕಾಯತಾನ ಅನ್ನೋದು ಸುಳ್ಳು.

ಸ್ಲಿಮ್‌ಲೈನಿಗೆ ಇನ್ನೊಂದು ಕೊರತಿ ಐತಿ. ನಳಿಗಿ 7 ಮಿಲಿ, ತುದಿಯೊಳಗ ಬುಶ್ಶಿನ ದಪ್ಪ ಸುಮಾರು ಎಂಟು ಚಿಲ್ಲರೆ ಮಿಲಿ. ಅಂದ್ರ ತುದಿಗೆ ನಳಿಗಿ ಮ್ಯಾಲ ಉಳಿಯೋ ಕಟಿಗಿ ಒಂದು ಮಿಲಿಮೀಟರೂ ಇಲ್ಲ, ಉಳ್ಳಾಗಡ್ಡಿ ಸಿಪ್ಪಿ ಇದ್ದಂಗ. ನಮ್ಮ ಏಪ್ರಿಲ್-ಮೇ ಬಿಸಲಿಗೆ ಕಟಿಗಿ ಕುಗ್ಗತೈತಿ, ಒಳಗಿನ ಹಿತ್ತಾಳಿ ಕುಗ್ಗಂಗಿಲ್ಲ, ಸಿಪ್ಪಿ ಸೀಳತೈತಿ. ಮ್ಯಾಲ ಯಂತ್ರವನ್ನ ಒತ್ತಿ ಕೂಡಿಸೋವಾಗ ಕೂದಲೆಳಿಯಷ್ಟು ಹೆಚ್ಚು ಒತ್ತಿದ್ರ ರೀಫಿಲ್ ಯಾವಾಗಲೂ ಹೊರಗ ಇಣುಕತೈತಿ, ಕಡಿಮಿ ಒತ್ತಿದ್ರ ಹೊರಗ ಬರೋದ ಇಲ್ಲ. ಒತ್ತಿದ್ದನ್ನ ವಾಪಸ್ ಬಡಿದು ತಗೆಯುವಾಗ ಆ ತೆಳು ಕಟಿಗಿ ಉಳಿಯೋದು ನಸೀಬು.

ಅದಕ್ಕ ನನ್ನ ಕೇಳಿದ್ರ ಸ್ಲಿಮ್‌ಲೈನ್ ಕೈ ಪಳಗಿಸಾಕ ಐದು-ಹತ್ತು ಮಾಡ್ರಿ, ಬೇವಿನ ತುಂಡಿನ್ಯಾಗ ಮಾಡ್ರಿ. ಮಾರಾಕ ಬ್ಯಾಡ.

ಎರಡನೇದು ಸಿಗಾರ್ ಅಂತ ಕರಿಯೋ ದಪ್ಪ ಪೆನ್ನು. ನಾನು ತರಸೋದಕ್ಕ ಎರಡೂ ನಳಿಗಿಗೆ 10 ಮಿಲಿ ಬಿಟ್ಟು ಸಾಕು. ಕೆಲವು ಕಂಪನಿಯವರದ್ದಕ್ಕ ಮ್ಯಾಲಿನ ನಳಿಗಿಗೆ ಒಂದು, ಕೆಳಗಿನದಕ್ಕ ಇನ್ನೊಂದು ಅಳತಿ ಬರತೈತಿ, ಆರ್ಡರ್ ಮಾಡೋಕ ಮೊದಲು ಕೇಳ್ರಿ. ಇದಕ್ಕ ಹಾಕೋದು ಪಾರ್ಕರ್ ನಮೂನೆ ರೀಫಿಲ್, ಸುಮಾರು 98 ಮಿಲಿಮೀಟರ್ ಉದ್ದದ್ದು. ಈ ಅಳತಿಗೆ ಜಗತ್ತಿನ ತುಂಬ ಒಂದ ಪ್ರಮಾಣ ಐತಿ, ಪಾರ್ಕರ್ ಕಂಪನಿದ ಬೇಕಂತ ಇಲ್ಲ, ಬ್ಯಾರೆಯವರೂ ಅದ ಅಳತಿಗೆ ಮಾಡತಾರ. ಅಂಗಡ್ಯಾಗ "ಪಾರ್ಕರ್ ರೀಫಿಲ್ ಕೊಡ್ರಿ" ಅಂದ್ರ ತಗದು ಕೊಡತಾರ. ಬದಲಿ ಮಾಡೋದೂ ಸುಲಭ, ಮೂತಿ ತಿರುವಿ ಬಿಚ್ಚಿದ್ರ ಹಳೇದು ಕೈಯಾಗ ಬೀಳತೈತಿ. ಕಟಿಗಿ ನಡುವಿನ ಪಟ್ಟಿ ಹತ್ತಿರ ಸುಮಾರು ಎರಡು ಮಿಲಿ ಉಳಿಯತೈತಿ, ಎಳಿ ಕಾಣತಾವ, ಕೈಗೆ ಕಟಿಗಿ ಹಿಡದಂಗ ಅನಿಸತೈತಿ. ಕುಡಗೋಲು ಹಿಡದ ಕೈಗೆ ತೆಳ್ಳಗಿನ ಪೆನ್ನು ಹಿಡಿತ ಸಿಗಂಗಿಲ್ಲ ನೋಡ್ರಿ, ಸಂಘದಾಗ ಸಹಿ ಮಾಡೋವಾಗ ನಮಗ ಗೊತ್ತಾಗತೈತಿ.

ಮೂರನೇದು ಬೋಲ್ಟ್. ಬಂದೂಕಿನ ಕುದುರಿಯಂಗ ಸಣ್ಣ ಹಿಡಿ ಇರತೈತಿ, ಮುಂದ ನೂಕಿ ಸಿಗಿಸಿದ್ರ ಮೊನೆ ಹೊರಗ. ಒಂದ ನಳಿಗಿ, ಒಂದ ತೂತು, ಮುಕ್ಕಾಲು ಇಂಚಿನ ಅರ್ಧ, ಅಂದ್ರ ಸುಮಾರು 9.5 ಮಿಲಿ. ಇದಕ್ಕೂ ಪಾರ್ಕರ್ ನಮೂನೆ ರೀಫಿಲ್ಲ. ತಿರುಗೋ ಯಂತ್ರ ಇಲ್ಲ, ಸ್ಪ್ರಿಂಗು-ಬೋಲ್ಟು ಅಷ್ಟ, ಹಿಂಗಾಗಿ ಕೆಡೋದು ಕಡಿಮಿ. ಕಟಿಗಿ ನಡುವ ತುಂಡಾಗಂಗಿಲ್ಲ, ಒಂದ ತುಂಡಿನ ಎಳಿ ಮ್ಯಾಲಿಂದ ಕೆಳಗಿನತನಕ ಹರಿಯತೈತಿ. ಹರೇದ ಹುಡುಗ್ರಿಗೆ ಭಾಳ ಸೇರತೈತಿ, ಟಕ್ ಟಕ್ ಮಾಡಕೋತ ಕೂಡತಾರ. ತೂಕ ಜಾಸ್ತಿ, ರೇಟೂ ಜಾಸ್ತಿ. ನಾ ತರಸೋ ಕಡೆ ಮೂರು ಸ್ಲಿಮ್‌ಲೈನ್ ಕಿಟ್ಟಿನ ರೊಕ್ಕಕ್ಕ ಒಂದು ಬೋಲ್ಟ್ ಕಿಟ್ ಬರತೈತಿ ಅಂತ ಇಟ್ಕೋರಿ.

ಸಿಯೆರಾ ಅಂತ ಇನ್ನೊಂದು ಒಂದ ನಳಿಗಿದು ಐತಿ, ನೋಡಾಕ ಭಾಳ ಅಂದ, ರೀಫಿಲ್ಲೂ ಪಾರ್ಕರ್ ನಮೂನೇದ. ಆದ್ರ ಅದಕ್ಕ 27/64 ಇಂಚಿನ ಬಿಟ್ಟು ಬೇಕು, ಅಂದ್ರ ಸುಮಾರು 10.7 ಮಿಲಿ. ನಮ್ಮ ಅಂಗಡ್ಯಾಗ 10.5 ಕೊಡತಾರ, ನಳಿಗಿ ಒಳಗ ಹೋಗಂಗಿಲ್ಲ. 11 ಕೊಡತಾರ, ಲಡಬಡ ಆಗತೈತಿ. ಆ ಬಿಟ್ಟನ್ನೂ ಹೊರಗಿಂದ ತರಸಬೇಕು, ಮೊಂಡ ಆದ್ರ ಮತ್ತ ತರಸಬೇಕು. ನಾ ಬಿಟ್ಟೇನಿ. ಮಾಡೋರು ಮಾಡ್ರಿ.

ಶಾಯಿ ಪೆನ್ನಿನ ಕಿಟ್ಟೂ ಅದಾವ, ಎರಡು ನಳಿಗಿಗೆ ಎರಡು ಅಳತಿ, ಮುಚ್ಚಳಕ್ಕ ಮರಿ, ನಿಬ್ಬು, ಶಾಯಿ ಎಳಕೊಳ್ಳೋ ಪಿಚಕಾರಿ. ಯಾರಾದ್ರೂ ಮುಂಗಡ ಕೊಟ್ಟು ಕೇಳಿದ್ರ ಮಾತ್ರ ಒಂದು ತರಸ್ರಿ. ಶಾಯಿ ಪೆನ್ನಿನ ಮಾತು ಬಂತಂದ್ರ ರಾಜಮಂಡ್ರಿ ನೆನಪಾಗತೈತಿ. ಅಲ್ಲಿ ಕೆ.ವಿ. ರತ್ನಂ ಅವರು ಗಾಂಧೀಜಿಯವರ ಸ್ವದೇಶಿ ಮಾತು ಹಿಡಕೊಂಡು 1930ರ ದಶಕದಾಗ ಶುರು ಮಾಡಿದ ಪೆನ್ನು ಇವತ್ತಿಗೂ ಕೈಯಿಂದ ಲೇಥ್ ಮ್ಯಾಲ ಆಗತೈತಿ. ಎಬೊನೈಟ್ ಅನ್ನೋ ಗಟ್ಟಿ ರಬ್ಬರಿನ ಕೋಲಿನ್ಯಾಗನ ಮರಿ ಕೊರಿಯತಾರ, ನಳಿಗಿ ಇಲ್ಲ, ಕಿಟ್ ಇಲ್ಲ. ಅದು ವಿದ್ಯೆ. ನಾವು ಕಿಟ್ ಕೂಡಿಸೋರು, ನಮ್ಮ ವಿದ್ಯೆ ಕಟಿಗಿಯಷ್ಟಕ್ಕ ಐತಿ. ಅದಕ್ಕ ಕಟಿಗಿ ಬಗ್ಗೆ ಎರಡು ಮಾತು ಜಾಸ್ತಿ ಬರಿಯತೇನಿ.

ಪೆನ್ನಿಗೆ ನಮ್ಮ ಭಾಗದಾಗ ಯಾವ ಕಟಿಗಿ ಅಂದ್ರ ಮೊದಲನೇದು ಬಳ್ಳಾರಿ ಜಾಲಿ. ನಗಬ್ಯಾಡ್ರಿ. ಹಳ್ಳದ ದಂಡಿ, ಬೀಳು ಹೊಲ, ಕೆರಿ ಅಂಗಳ ಎಲ್ಲಾ ನುಂಗಿ ಕುಂತಿರೋ ಅದ ಪೀಡೆ. ಅದರ ಒಳಗಿನ ಕೆಚ್ಚು ಕಂದು ಬಣ್ಣ, ಗಟ್ಟಿ, ಒಣಗೋವಾಗ ಭಾಳ ಕಡಿಮಿ ಕುಗ್ಗತೈತಿ. ಅಮೆರಿಕದ ಟೆಕ್ಸಾಸ್ ಕಡೆ ಇದರ ದಾಯಾದಿ ಗಿಡಕ್ಕ ಮೆಸ್ಕೀಟ್ ಅಂತಾರ, ಅಲ್ಲಿ ತಿರುವೋರು ಅದನ್ನ ರೊಕ್ಕ ಕೊಟ್ಟು ಕೊಳ್ಳತಾರ. ನಾವು ಜೆಸಿಬಿಗೆ ರೊಕ್ಕ ಕೊಟ್ಟು ಕೀಳಸತೀವಿ. ಬುಡದ ದಪ್ಪ ತುಂಡು ಸುಡೋಕ ಮೊದಲು ಎರಡು ಎತ್ತಿ ಇಡ್ರಿ. ಎರಡನೇದು ಕರಿಜಾಲಿ, ಕೆಂಪು ಛಾಯೆ, ಉಳಿಗೆ ಗಟ್ಟಿ. ಹುಣಸಿ ಕೆಚ್ಚು ಕರೀ ಕಂದು, ಸಿಗೋದು ಸ್ವಲ್ಪ. ಬೇವು ಸರಳ, ಹೊಸ ಕೈಗೆ ಚಲೋ. ಯಾವುದ ಇರಲಿ, ತುದಿಗೆ ಮೇಣ ಇಲ್ಲಾ ಬಣ್ಣ ಬಳಿದು ನೆರಳಾಗ ಒಣಗಿಸ್ರಿ. ಒಣಗೇತೋ ಇಲ್ಲೋ ನೋಡಾಕ ಯಂತ್ರ ಬ್ಯಾಡ, ಅಡಗಿ ಮನಿ ತಕ್ಕಡ್ಯಾಗ ವಾರಕ್ಕೊಮ್ಮೆ ತೂಗಿ ಬರೆದಿಡ್ರಿ, ತೂಕ ಇಳಿಯೋದು ನಿಂತ್ರ ಒಣಗಿದಂಗ. ಜಾಲಿ ಧೂಳು ಮೂಗಿಗೆ ಕೆಟ್ಟದ್ದು, ಮುಖಕ್ಕ ಬಟ್ಟಿ ಕಟ್ಕೋರಿ.

ಕಪ್ಪತಗುಡ್ಡದಿಂದ ಒಂದು ಕಡ್ಡಿನೂ ತರಬ್ಯಾಡ್ರಿ. 2019ರಾಗ ಅದು ವನ್ಯಜೀವಿ ಧಾಮ ಆಗೇತಿ. ಗುಡ್ಡ ಉಳೀಲಿ ಅಂತ ಗದಗ-ಮುಂಡರಗಿ ಜನ ಬೀದಿಗಿಳಿದು ಕೂಗಿದ್ದು ನಮಗೆಲ್ಲ ನೆನಪೈತಿ. ಶ್ರೀಗಂಧ ನಿಮ್ಮ ಸ್ವಂತ ಹೊಲದಾಗ ಇದ್ರೂ ಅರಣ್ಯ ಇಲಾಖೆಗೆ ಕೇಳದ ಮುಟ್ಟಬ್ಯಾಡ್ರಿ.

ಇನ್ನ ಎಲ್ಲಕಿಂತ ಬೆಲೆ ಇರೋ ಕಟಿಗಿ ಗಿಡದಾಗಿಲ್ಲ, ಮನಿ ಅಟ್ಟದ ಮ್ಯಾಲ ಐತಿ. ಟ್ರ್ಯಾಕ್ಟರ್ ಬಂದ ಮ್ಯಾಲ ಎಷ್ಟು ಮನ್ಯಾಗ ಕೂರಿಗಿ, ಕುಂಟಿ ಒಲಿ ಸೇರಿದ್ವು ಲೆಕ್ಕ ಇಲ್ಲ. ಇನ್ನೂ ಕೆಲವು ಕಡೆ ಕೂರಿಗಿ ದಿಂಡು, ನೊಗದ ತುಂಡು, ಬಂಡಿ ಗಾಲಿಯ ಅರ, ಹಳೆ ಮನಿ ಜಂತಿ ಬಿದ್ದಾವ. ಐವತ್ತು-ಅರವತ್ತು ವರ್ಷ ಒಣಗಿದ ಕಟಿಗಿ, ಅದು ಇನ್ನ ಕುಗ್ಗಂಗಿಲ್ಲ. ಲಕ್ಷ್ಮೇಶ್ವರ ಹತ್ತಿರದ ಒಂದು ಮನೆತನದವರು ತಮ್ಮ ಮುತ್ತ್ಯಾನ ಕೂರಿಗಿ ದಿಂಡು ತಂದಿದ್ರು. ಅಣ್ಣತಮ್ಮಂದಿರು ಆರು ಜನ, ಹೊಲ ಪಾಲಾಗೇತಿ, ಕೂರಿಗಿ ಪಾಲು ಮಾಡಾಕ ಬರಂಗಿಲ್ಲ. ಆರು ಪೆನ್ನು ಮಾಡಿಕೊಡ್ರಿ ಅಂದ್ರು. ಹುಳ ಬಿದ್ದದ್ದು, ಮೊಳಿ ತೂತಾದದ್ದು ಬಿಟ್ಟು ನೋಡಿದ್ರ ಏಳು ತುಂಡು ಸಿಕ್ಕವು. ಏಳು, ಅಷ್ಟ.

ಇಂಥ ಕಟಿಗಿಗೆ ಸೋವಿ ಕಿಟ್ ಹಾಕೋದಕ್ಕ ನನ್ನ ವಿರೋಧ. ಮಾರೋರು "ಮೊದಲು ಸ್ಲಿಮ್‌ಲೈನ್ ಮಾಡ್ರಿ, ಖರ್ಚು ಕಡಿಮಿ, ಲಾಭ ಜಾಸ್ತಿ" ಅಂತಾರ. ಖರ್ಚು ಯಾವುದು ಅಂತ ಲೆಕ್ಕ ಹಾಕ್ರಿ. ತೂತು, ಅಂಟು, ತಿರುವೋದು, ಆರು ತರದ ಉಜ್ಜೋ ಹಾಳಿ, ಹೊಳಪು, ಎಲ್ಲಾ ಕೂಡಿ ನನಗ ಒಂದು ಪೆನ್ನಿಗೆ ಒಂದೂವರಿ ತಾಸು ಹಿಡಿಯತೈತಿ. ಸೋವಿ ಕಿಟ್ಟಿಗೂ ಅಷ್ಟ, ಚಲೋ ಕಿಟ್ಟಿಗೂ ಅಷ್ಟ. ಒಂದ ನಳಿಗಿ ಬೋಲ್ಟ್ ಆದ್ರ ಇನ್ನೂ ಕಾಲು ತಾಸು ಕಡಿಮಿ. ನಮ್ಮ ದುಡಿಮೆಗೆ ಕೂಲಿ ಹಿಡಿಯದ ಲೆಕ್ಕ ಹಾಕೋ ಚಾಳಿ ನಮಗ ಹೊಲದಾಗೂ ಐತಿ, ಇಲ್ಲೂ ಐತಿ. ಬೀಜ-ಗೊಬ್ಬರದ ಖರ್ಚು ಬರಿಯತೀವಿ, ಮನಿಯವರ ಕೂಲಿ ಬರಿಯಂಗಿಲ್ಲ. ಕೂಲಿ ಹಿಡಿದು ನೋಡಿದ್ರ ಎರಡು ಕಿಟ್ಟಿನ ನಡುವಿನ ವ್ಯತ್ಯಾಸ ಸಣ್ಣದಾಗತೈತಿ. ಆ ಸಣ್ಣ ಉಳಿತಾಯಕ್ಕ ಏಳ ತುಂಡಿದ್ದ ಕಟಿಗಿಯನ್ನ ವರ್ಷದಾಗ ಬೀರು ಸೇರಸಬೇಕೇನು? ಆ ಆರು ಜನರಿಗೆ ನಾನು ಬೋಲ್ಟ್ ಕಿಟ್ ಹಾಕಿ ಕೊಟ್ಟೆ. ಏಳನೇ ತುಂಡು ಅವರ ತಂಗಿಗೆ ಸಿಗಾರ್ ಆತು. ತಂಗಿ ವಿಚಾರ ಅವರಿಗೆ ಮೊದಲು ಹೊಳೆದಿದ್ದಿಲ್ಲ, ಅದು ಬ್ಯಾರೆ ಮಾತು.

ಇನ್ನ ಹೊಳಪು. ಬಂಗಾರದ ಬಣ್ಣದ ಕಿಟ್ ಮದುವಿ ಉಡುಗೊರಿಗೆ ಅಂತ ಜನ ಕೇಳತಾರ. ತೆಳು ಬಂಗಾರದ ನೀರು ಕುಡಿಸಿದ್ದು ಕೈ ಬೆವರಿಗೆ, ಕಿಸೆ ತಿಕ್ಕಾಟಕ್ಕ ಬಲು ಬೇಗ ಹೋಗತೈತಿ. ಮ್ಯಾಲ ಥಳಕು, ಒಳಗ ಹುಳುಕು ಅಂತಾರಲ್ಲ, ಆ ಲೆಕ್ಕ. ಕ್ರೋಮ್ ತಗೋರಿ, ಇಲ್ಲಾ ಗನ್‌ಮೆಟಲ್ ಅಂತ ಕರಿ ಬೂದಿ ಬಣ್ಣದ್ದು ತಗೋರಿ, ನಮ್ಮ ಜಾಲಿ ಕಟಿಗಿಗೆ ಒಪ್ಪತೈತಿ. ಬಂಗಾರದ ಬಣ್ಣನ ಬೇಕಂದ್ರ ಟೈಟಾನಿಯಂ ಲೇಪದ್ದು ಐತಿ, ರೇಟು ಜಾಸ್ತಿ, ಬಾಳಿಕಿ ಬರತೈತಿ.

ಕಟಿಗಿ ಹೊಳಪಿಗೆ ಬಹಳ ಮಂದಿ ಫೆವಿಕ್ವಿಕ್ ತರದ ಅಂಟನ್ನ ಪದರು ಪದರಾಗಿ ಹಚ್ಚತಾರ, ಗಾಜಿನಂಗ ಆಗತೈತಿ. ನಾನು ಅರಗು ಹಿಡದೇನಿ. ಚನ್ನಪಟ್ಟಣದವರು ಆಲೆ ಮರದ ಗೊಂಬಿಗೆ ಮಾಡೋದ ಇದು. ತಿರುಗೋ ಕಟಿಗಿಗೆ ಅರಗಿನ ಕಡ್ಡಿ ಒತ್ತಿದ್ರ ತಿಕ್ಕಾಟದ ಬಿಸಿಗೆ ಅದು ಕರಗಿ ಹತ್ತಕೋತೈತಿ, ಒಣ ಗರಿ ಒತ್ತಿದ್ರ ಮಿಂಚತೈತಿ. ಅಷ್ಟು ದೂರ ಯಾಕ, ನಮ್ಮ ಪಕ್ಕದ ಧಾರವಾಡ ಜಿಲ್ಲಾದ ಕಲಘಟಗಿ ತೊಟ್ಟಿಲಿಗೂ ಅರಗಿನ ಬಣ್ಣನ. ಅಜ್ಜ ಮಲಗಿದ ತೊಟ್ಟಿಲದಾಗ ಮೊಮ್ಮಗ ಮಲಗಿದ್ರೂ ಬಣ್ಣ ಮಾಸಿರಂಗಿಲ್ಲ.

ಇನ್ನೊಂದು ಮಾತು ಪೆನ್ನು ಮಾರೋ ಜಾಗದ ಬಗ್ಗೆ. ಗದಗ ಅಂದ್ರ ಪ್ರಿಂಟಿಂಗ್ ಪ್ರೆಸ್ಸಿನ ಊರು, ಲಗ್ನಪತ್ರಿಕೆ, ಡೈರಿ, ಕ್ಯಾಲೆಂಡರ್ ಎಲ್ಲಾ ಇಲ್ಲಿಂದ ಹೋಗತಾವ. ಕುಮಾರವ್ಯಾಸ ವೀರನಾರಾಯಣನ ಗುಡ್ಯಾಗ ಕುಂತು ಭಾರತ ಬರೆದ ಊರು. ಅವನ ಕಾಲಕ್ಕ ತಾಳೆಗರಿ, ಕಬ್ಬಿಣದ ಕಂಠ, ರೀಫಿಲ್ ಚಿಂತಿನ ಇದ್ದಿಲ್ಲ! ಇಂಥ ಊರಾಗ ಪೆನ್ನಿಗೆ ಒಂದು ಚಂದದ ರಟ್ಟಿನ ಡಬ್ಬಿ ಮಾಡಿಸೋದು ಕಷ್ಟ ಅಲ್ಲ. ಡಬ್ಬಿ ಒಳಗ ಒಂದು ಚೀಟಿ ಇಡ್ರಿ: ಇದು ಯಾವ ಕಟಿಗಿ, ಯಾವ ಊರ ಹೊಲದ್ದು, ರೀಫಿಲ್ ಯಾವ ನಮೂನೆದು, ಹೆಂಗ ಬಿಚ್ಚಬೇಕು. ಸಾಧ್ಯ ಆದ್ರ ಒಂದು ರೀಫಿಲ್ ಹೆಚ್ಚಿಗಿ ಹಾಕಿ ಕೊಡ್ರಿ.

ಶುರು ಮಾಡೋರಿಗೆ ನಾ ಹೇಳೋದು ಇಷ್ಟ. ಎರಡ ಜಾತಿ ಕಿಟ್ ಹಿಡೀರಿ, ಸಿಗಾರ್ ಮತ್ತ ಬೋಲ್ಟ್. ಎರಡ ಬಿಟ್ಟು, ಎರಡು ಜೋಡಿ ಬುಶ್ಶು, ಒಂದ ನಮೂನೆ ರೀಫಿಲ್. ಪ್ರತಿ ಜಾತಿದು ಒಂದೊಂದು ಕಿಟ್ ಒಡೀದ ಇಟ್ಕೋರಿ, ಯಾರದಾದ್ರೂ ಕ್ಲಿಪ್ಪು-ಸ್ಪ್ರಿಂಗು ಹೋದ್ರ ಅದರಾಗಿಂದ ತಗದು ಹಾಕಾಕ ಬರತೈತಿ. ಆರ್ಡರ್ ಹಾಕೋ ಮೊದಲು ನಿಮ್ಮೂರ ಅಂಗಡಿಗೆ ಹೋಗಿ ಪಾರ್ಕರ್ ರೀಫಿಲ್ ಕೇಳಿ ನೋಡ್ರಿ, ಇಟ್ಟಿಲ್ಲಂದ್ರ ಒಂದು ಡಬ್ಬಿ ತರಸಾಕ ಹೇಳ್ರಿ.

ಯುಗಾದಿ ಆದ ಮ್ಯಾಲ ಯಾವತ್ತಾದ್ರೂ ಬರ್ರಿ, ಲೇಥ್ ಮ್ಯಾಲ ಕೈ ಇಡಾಕ ಕೊಡತೇನಿ. ಮುಂಜಾನೆ ಬರ್ರಿ, ಮಧ್ಯಾಹ್ನ ತಗಡಿನ ಕೆಳಗ ನಿಲ್ಲಾಕ ಆಗಂಗಿಲ್ಲ, ಕರೆಂಟೂ ಇರಂಗಿಲ್ಲ. ಮನ್ಯಾಗ ಮುರಿದ ಕೂರಿಗಿ, ನೊಗ ಇದ್ರ ತರ್ರಿ, ಆದ್ರ ಮೊಳಿ, ಪಟ್ಟಿ ಎಲ್ಲಾ ಕಿತ್ತು ತರ್ರಿ. ಹೋದ ವರ್ಷ ಒಂದು ಮೊಳಿಗೆ ನನ್ನ ಗರಗಸದ ನಾಕು ಹಲ್ಲು ಹೋಗ್ಯಾವ.